ಮೂರನೆಯ ದಿನದ ಹೆಪ್ಪು

ಆ ಪ್ರಯೋಗಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಕನ್ನಡಿ ಅಕ್ಕ. ಹಾಗಂತ ಕನ್ನಡಿಯ ಮುಂದೆ ಗಂಟೆಗಟ್ಟಲೆ ನಿಲ್ಲುವ ಹೆಂಗಸು ಎಂದುಕೊಳ್ಳಬೇಡಿ. ಎಷ್ಟೋ ದಿನ ತಲೆಯನ್ನೂ ನೆಟ್ಟಗೆ ಬಾಚಿಕೊಳ್ಳದೆ ಕೆಲಸಕ್ಕೆ ಬಂದುಬಿಡುತ್ತಿದ್ದಳು. ಅವಳು ಮಾಡಿದ ಸ್ಲೈಡು ಕನ್ನಡಿಯ ಹಾಗಿರುತ್ತದೆ ಎಂದು ಯಾರೋ ಒಮ್ಮೆ ಹೊಗಳಿದ್ದರು, ಹೆಸರು ಅಂಟಿಕೊಂಡಿತು. ಅವಳಿಗೂ ಒಳಗೊಳಗೇ ಖುಷಿಯಿತ್ತು. ಐವತ್ತು ದಾಟಿದ, ಮದುವೆಯಾಗದ, ಅಣ್ಣನ ಮನೆಯಿಂದ ಎರಡು ಬೀದಿಯಾಚೆ ಒಂದೇ ಕೋಣೆಯಲ್ಲಿ ಇರುವ ಹೆಂಗಸಿಗೆ ಹೆಮ್ಮೆಪಡಲು ಇನ್ನೇನಿತ್ತು ಹೇಳಿ?

ಅಲ್ಲಿನ ಕೆಲಸ ಇಷ್ಟು. ಮೊಲದ ಕಾಲಿನ ಅಪಧಮನಿಯೊಳಗೆ ಪುಟ್ಟ ಬಲೂನು ತೂರಿಸಿ, ಉಬ್ಬಿಸಿ, ಎಳೆದು, ಒಳಗೋಡೆಗೆ ಬೇಕೆಂದೇ ಗಾಯ ಮಾಡುತ್ತಿದ್ದರು. ಮುಚ್ಚಿಹೋದ ರಕ್ತನಾಳವನ್ನು ತೆರೆಯಲು ಆಸ್ಪತ್ರೆಯಲ್ಲಿ ಮನುಷ್ಯರಿಗೆ ಬಲೂನು ಹಾಕುತ್ತಾರಲ್ಲ, ಅದರದೇ ನಕಲು. ಹಾಗೆ ತೆರೆದ ನಾಳ ಕೆಲವರಲ್ಲಿ ಕೆಲವೇ ತಿಂಗಳಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಒಳಗೋಡೆ ದಪ್ಪಗಾಗುತ್ತ ಆಗುತ್ತ ರಕ್ತಕ್ಕೆ ದಾರಿಯೇ ಉಳಿಯುವುದಿಲ್ಲ. ಯಾಕೆ ದಪ್ಪಗಾಗುತ್ತದೆ ಎನ್ನುವುದೇ ಪ್ರಯೋಗಾಲಯ ನಡೆಸುತ್ತಿದ್ದ ದೊಡ್ಡ ಡಾಕ್ಟರರ ಪ್ರಶ್ನೆ. ಗಾಯವಾದ ಮೂರನೆಯ ದಿನ, ಏಳನೆಯ ದಿನ, ಹದಿನೈದನೆಯ ದಿನ ನಾಳವನ್ನು ಹೊರತೆಗೆದು, ಪಕ್ಕದ ಕೋಣೆಯಿಂದ ಬಟ್ಟಲಿನಲ್ಲಿ ಕಳಿಸುತ್ತಿದ್ದರು. ಅದನ್ನು ಕೊಳೆಯದಂತೆ ಗಟ್ಟಿಮಾಡುವ ಫಾರ್ಮಲಿನ್‌ನಲ್ಲಿ ನೆನೆಹಾಕಿ, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲೆ ಅಂಟಿಸಿ ಕೊಡುವುದು ಕನ್ನಡಿ ಅಕ್ಕನ ಪಾಲು.

ಅದಕ್ಕೂ ಮುಂಚೆ ಅವಳು ಇನ್ನೊಂದು ಕೆಲಸ ಮಾಡುತ್ತಿದ್ದಳು. ಬಟ್ಟಲು ಕೈಗೆ ಬಂದ ಕೂಡಲೇ ಸಿಂಕಿನ ಹತ್ತಿರ ನಿಂತು, ಸಿರಿಂಜಿನಲ್ಲಿ ಉಪ್ಪುನೀರು ತುಂಬಿ ನಾಳದೊಳಗೆ ರಭಸವಾಗಿ ಬಿಡುತ್ತಿದ್ದಳು. ಆಮೇಲೆ ನಾಲ್ಕೇ ಕೂದಲಿನ ಕುಂಚವೊಂದನ್ನು ಒಳಗೆ ತೂರಿಸಿ ಮೆತ್ತಗೆ ತಿರುವುತ್ತಿದ್ದಳು. ಒಳಗೆ ಅಂಟಿಕೊಂಡಿದ್ದ ಕೆಂಪು ಚೂರುಗಳು ಒಂದೂ ಉಳಿಯದೆ ಹೊರಗೆ ಬರುತ್ತಿದ್ದವು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಬೇಡ ಅಂದಿರಲೂ ಇಲ್ಲ. ಪ್ರಯೋಗದ ವಿಧಾನ ಬರೆದ ಕಾಗದದಲ್ಲಿ ಮೊದಲನೆಯ ಸಾಲೇ ಫಾರ್ಮಲಿನ್‌ನಿಂದ ಶುರು. ತೊಳೆಯುವುದು ಅದಕ್ಕಿಂತ ಮುಂಚಿನ ಮಾತು; ತರಕಾರಿ ಹೆಚ್ಚುವ ಮುಂಚೆ ತೊಳೆಯಿರಿ ಎಂದು ಯಾರಾದರೂ ಬರೆದುಕೊಡುತ್ತಾರೆಯೇ?

ಅಭ್ಯಾಸ ಬಂದದ್ದು ಹಿಂದಿನ ಕೆಲಸದಿಂದ. ಹನ್ನೊಂದು ವರ್ಷ ಅವಳು ದೊಡ್ಡಾಸ್ಪತ್ರೆಯ ಶವಾಗಾರದ ಪಕ್ಕದ ಕೋಣೆಯಲ್ಲಿ ಇದೇ ಕೊಯ್ಯುವ ಕೆಲಸ ಮಾಡಿದ್ದಳು. ಅಲ್ಲಿಗೆ ಬರುತ್ತಿದ್ದವು ಸತ್ತವರ ನಾಳಗಳು. ಸತ್ತ ಮೇಲೆ ನಿಂತ ರಕ್ತ ನಿಂತಲ್ಲೇ ಗಟ್ಟಿಯಾಗುತ್ತದೆ, ಅದಕ್ಕೂ ರೋಗಕ್ಕೂ ಸಂಬಂಧವಿಲ್ಲ. ಅಲ್ಲಿದ್ದ ಹಿರಿಯ ಕೆಲಸಗಾರ, ಎಲ್ಲರೂ ದೊಡ್ಡಯ್ಯ ಎನ್ನುತ್ತಿದ್ದ ಸಿಡುಕ, ಹೆಪ್ಪಿನ ಒಂದು ಚೂರು ಸ್ಲೈಡಿನ ಮೇಲೆ ಕಂಡರೂ ಗಾಜನ್ನು ಕಸದ ಡಬ್ಬಿಗೆ ಎಸೆದು, "ಮೊದ್ಲು ಕಸ ತೆಗಿ, ಆಮೇಲೆ ಕೊಯ್ಯಿ" ಎಂದು ಗದರುತ್ತಿದ್ದ. ಬೈಸಿಕೊಂಡು ಬೈಸಿಕೊಂಡು ಕಲಿತ ಪಾಠ ಅದು. ಸತ್ತವರ ನಾಳಕ್ಕೆ ಹೊಂದುವ ಪಾಠ ಬದುಕಿದ್ದಾಗಲೇ ಗಾಯವಾದ ಮೊಲದ ನಾಳಕ್ಕೆ ಹೊಂದುತ್ತದೆಯೇ ಎಂದು ಅವಳು ಕೇಳಿಕೊಳ್ಳಲಿಲ್ಲ. ಕೈಗೆ ಕಲಿತದ್ದನ್ನು ತಲೆ ಯಾವತ್ತು ಕೇಳಿದೆ?

ದೊಡ್ಡ ಡಾಕ್ಟರರಿಗೆ ಮೊದಮೊದಲು ಅನುಮಾನ ಇದ್ದದ್ದು ಹೆಪ್ಪಿನ ಮೇಲೆಯೇ. ಗಾಯವಾದ ಗೋಡೆಗೆ ರಕ್ತ ಹೆಪ್ಪಾಗಿ ಅಂಟಿಕೊಂಡು, ಅದೇ ಆಮೇಲೆ ಗೋಡೆಯ ದಪ್ಪಕ್ಕೆ ಕಾರಣವಾಗುತ್ತಿರಬಹುದು ಎಂದು ಅವರು ಊಹಿಸಿದ್ದರು. ಆದರೆ ಕನ್ನಡಿ ಅಕ್ಕನ ಮೂರನೆಯ ದಿನದ ಸ್ಲೈಡುಗಳಲ್ಲಿ ಗೋಡೆ ಬರಿದಾಗಿ, ಶುಭ್ರವಾಗಿ ಇರುತ್ತಿತ್ತು. ಹದಿನೈದನೆಯ ದಿನದ ಸ್ಲೈಡಿನಲ್ಲಿ ಮಾತ್ರ ಗೋಡೆ ಎರಡರಷ್ಟು ದಪ್ಪ. ನಾಲ್ಕು ವರ್ಷ ನೋಡಿ ನೋಡಿ, ಕೊನೆಗೆ ಅವರು ತಮ್ಮ ಊಹೆಯನ್ನು ತಾವೇ ಕೈಬಿಟ್ಟರು. ಹೆಪ್ಪಿಗೂ ಇದಕ್ಕೂ ಸಂಬಂಧವಿಲ್ಲ, ಗೋಡೆಯ ಸ್ನಾಯುಕಣಗಳು ತಾವಾಗಿಯೇ ಎದ್ದು ಬೆಳೆಯುತ್ತವೆ ಎಂದು ದೊಡ್ಡ ಲೇಖನ ಬರೆದರು. ಅದು ಒಪ್ಪಿಗೆಯಾಗಿ, ಮುಂದಿನ ತಿಂಗಳು ಅಚ್ಚಾಗುವುದಿತ್ತು. ಬರೆದವರ ಪಟ್ಟಿಯಲ್ಲಿ ಆರನೆಯವಳಾಗಿ ಕನ್ನಡಿ ಅಕ್ಕನ ಹೆಸರನ್ನೂ ಸೇರಿಸಿದ್ದರು. "ನಿಮ್ಮ ಸ್ಲೈಡ್ ಇಲ್ದಿದ್ರೆ ಈ ಲೇಖನವೇ ಇಲ್ಲ ಕಣಮ್ಮಾ" ಎಂದಿದ್ದರು. ಆವತ್ತು ಅವಳು ನೆಲದ ಮೇಲೆ ನಡೆಯಲಿಲ್ಲ. ಪಟ್ಟಿಯ ಪ್ರತಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ನೇರ ಅಣ್ಣನ ಮನೆಗೆ ಹೋದಳು.

ಅಣ್ಣ ಬಸ್ಸಿನ ಡ್ರೈವರ್. ಅಪ್ಪ ಹೋದ ಮೇಲೆ ಅವಳನ್ನು ಓದಿಸಿದವನು, ಲ್ಯಾಬ್ ಕೋರ್ಸಿಗೆ ಸೇರಿಸಿದವನು, ಅವಳು ಮದುವೆ ಬೇಡ ಎಂದಾಗ ಮನೆಯವರೆಲ್ಲ ಮೇಲೆ ಬಿದ್ದರೂ ಅವಳ ಪರ ನಿಂತವನು ಅವನೊಬ್ಬನೇ. ಎರಡು ವರ್ಷದಿಂದ ಅವನ ಬಲಗಾಲಿನ ರಕ್ತನಾಳ ಮುಚ್ಚುತ್ತಿತ್ತು. ಒಮ್ಮೆ ಬಲೂನು ಹಾಕಿ ತೆರೆದರು, ಎಂಟು ತಿಂಗಳಲ್ಲಿ ಮುಚ್ಚಿತು. ಮತ್ತೆ ತೆರೆದರು. ಅವನೋ, ನೋವಿನಲ್ಲೂ ತಮಾಷೆ ಬಿಟ್ಟವನಲ್ಲ. "ನಂದು ಬ್ರೇಕ್ ಕಾಲು ಕಣ್ರೀ, ಕ್ಲಚ್ ಕಾಲಾಗಿದ್ರೆ ಹೆಂಗೋ ತಳ್ತಿದ್ದೆ" ಎಂದು ಡಾಕ್ಟರರನ್ನೇ ನಗಿಸಿದ್ದ. ತಂಗಿಯ ಕೆಲಸದ ವಿಷಯವನ್ನಂತೂ ಬಸ್ ಡಿಪೋದಿಂದ ಆಸ್ಪತ್ರೆಯ ವಾರ್ಡಿನವರೆಗೆ ಯಾರಿಗೂ ಹೇಳದೆ ಬಿಟ್ಟಿರಲಿಲ್ಲ.

ಆ ಸಂಜೆ ಪಟ್ಟಿಯಲ್ಲಿ ಅವಳ ಹೆಸರನ್ನು ಬೆರಳಿಟ್ಟು ಮೂರು ಸಲ ಓದಿಸಿಕೊಂಡ. ಆಮೇಲೆ ಅತ್ತಿಗೆ ಒಳಗೆ ಹೋದದ್ದನ್ನು ನೋಡಿಕೊಂಡು ದನಿ ತಗ್ಗಿಸಿದ.

"ಒಂದು ವಿಷಯ ಕೇಳ್ತೀನಿ, ಬೈಬೇಡ. ಈ ರಕ್ತ ಹೆಪ್ಪಾಗದ ಹಂಗೆ ಕೊಟ್ಟಿರೋ ಮಾತ್ರೆ ಇದ್ಯಲ್ಲ, ಸಾಕಾಗಿಬಿಟ್ಟಿದೆ ಕಣೇ. ಹಲ್ಲುಜ್ಜಿದ್ರೆ ರಕ್ತ, ಶೇವ್ ಮಾಡಿದ್ರೆ ರಕ್ತ. ಮೊನ್ನೆ ಡ್ಯೂಟಿ ಮಧ್ಯೆ ಮೂಗಿಂದ ಸುರೀತು, ಪ್ಯಾಸೆಂಜರ್ ಎಲ್ಲ ಗಾಬರಿ. ಅದು ನಿಜವಾಗ್ಲೂ ಬೇಕಾ?"

"ಡಾಕ್ಟರ್ ಕೊಟ್ಟಿದ್ದಾರಲ್ಲ ಅಣ್ಣಾ."

"ಅವರು ಕೊಟ್ಟಿದ್ದಾರೆ. ನಾನು ನಿನ್ನ ಕೇಳ್ತಿರೋದು. ನೀವು ಅದನ್ನೇ ತಾನೇ ನೋಡ್ತಿರೋದು, ನಾಲ್ಕು ವರ್ಷದಿಂದ?"

ಚೀಲದಲ್ಲಿ ಪಟ್ಟಿಯಿತ್ತು, ಪಟ್ಟಿಯಲ್ಲಿ ಹೆಸರಿತ್ತು. ಅವಳು ಹೇಳಿದಳು: "ನಾಳ ಮತ್ತೆ ಮುಚ್ಚೋದಕ್ಕೂ ಹೆಪ್ಪಿಗೂ ಸಂಬಂಧ ಇಲ್ಲ ಅಂತ ನಮ್ಮ ಸ್ಲೈಡಲ್ಲಿ ಕಂಡಿದೆ. ಒಂದು ಚೂರೂ ಸಿಕ್ಕಿಲ್ಲ." ಬಿಟ್ಟುಬಿಡು ಎಂದು ಅವಳು ಹೇಳಲಿಲ್ಲ. ಆಣೆ ಮಾಡಿ ಹೇಳಬಲ್ಲಳು, ಹೇಳಲಿಲ್ಲ. ಆದರೆ ಅಣ್ಣ "ಹಂಗಾ" ಎಂದು ಹಗುರಾಗಿ ನಿಟ್ಟುಸಿರುಬಿಟ್ಟದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು ಸುಮ್ಮನಿದ್ದಳು.

ಮೂರು ವಾರ ಕಳೆದಿತ್ತು. ಅವತ್ತು ಮೂರು ಮೊಲಗಳ ಮೂರನೆಯ ದಿನ. ಲೇಖನ ಮುಗಿದಿದ್ದರೂ, ವರ್ಷದ ಕೊನೆಯಲ್ಲಿ ನಿವೃತ್ತರಾಗುವ ಮುಂಚೆ ಉಳಿದ ಮೊಲಗಳನ್ನೂ ನೋಡಿ ಮುಗಿಸಬೇಕೆಂದು ದೊಡ್ಡ ಡಾಕ್ಟರರು ಹೇಳಿದ್ದರು. ಮೂರು ಬಟ್ಟಲೂ ಒಟ್ಟಿಗೆ ಅವಳ ಮೇಜಿಗೆ ಬಂದವು. ಸಿರಿಂಜಿಗೆ ಉಪ್ಪುನೀರು ಎಳೆಯುತ್ತಿದ್ದಾಗ ಫೋನು ಬಂತು.

"ನಿಮ್ಮಣ್ಣನ ಕಾಲು ಮಂಜುಗಡ್ಡೆ ಆಗಿದೆ. ಮುಟ್ಟಿದ್ರೂ ಗೊತ್ತಾಗ್ತಿಲ್ಲ ಅಂತಾರೆ. ಬೇಗ ಬಾ" ಎಂದು ಅತ್ತಿಗೆ ಅಳುತ್ತಿದ್ದಳು.

ಕೈಯಲ್ಲಿದ್ದುದನ್ನು ಕೆಳಗಿಟ್ಟಳು. ನಾಳಗಳನ್ನು ಹಾಗೇ ಬಿಟ್ಟರೆ ಕೆಡುತ್ತವೆ. ತೊಳೆಯುತ್ತ ಕೂರಲು ಪುರುಸೊತ್ತಿಲ್ಲ. ಮೂರನ್ನೂ ಇದ್ದ ಹಾಗೇ ಮೂರು ಫಾರ್ಮಲಿನ್ ಸೀಸೆಗಳಿಗೆ ಹಾಕಿ, ಚೀಟಿ ಅಂಟಿಸಿ ಓಡಿದಳು. ಹದಿನೈದು ವರ್ಷದಲ್ಲಿ ಮೊದಲ ಸಲ ಅವಳು ತೊಳೆಯದೆ ಇಟ್ಟಿದ್ದಳು.

ಆಸ್ಪತ್ರೆಯಲ್ಲಿ ಅಣ್ಣನ ಪಾದ ಬೂದಿ ಬಣ್ಣಕ್ಕೆ ತಿರುಗಿತ್ತು. ಅವನು ಅವಳನ್ನು ನೋಡಿ ನಗಲು ಹೋದ, ಆಗಲಿಲ್ಲ. ಸರ್ಜನ್ ಮತ್ತೊಮ್ಮೆ ಬಲೂನು ಹಾಕಿ ನೋಡುವುದಾಗಿ ಹೇಳಿದರು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಿರಾ ಎಂದು ಕೇಳಿದಾಗ ಅಣ್ಣ ಗೋಡೆಯ ಕಡೆ ಮುಖ ಮಾಡಿದ. ಅತ್ತಿಗೆಗೆ ಅಷ್ಟು ಸಾಕಾಯಿತು. ಮನೆಗೆ ಹೋದವಳು ಅವನ ಯೂನಿಫಾರಂ ಪೆಟ್ಟಿಗೆಯಿಂದ ಒಡೆಯದ ಮಾತ್ರೆಯ ಪಟ್ಟಿಗಳನ್ನು ಹಿಡಿದು ತಂದಳು.

"ಇಪ್ಪತ್ತು ದಿನದಿಂದ ಮುಟ್ಟಿಲ್ಲ! ಒಂದು ಮಾತ್ರೆ ನುಂಗೋಕೆ ಇಷ್ಟು ಸೋಮಾರಿತನನಾ ನಿಮಗೆ? ನಾನೇನು ದಿನಾ ಬಾಯಿ ತೆಗೆಸಿ ಹಾಕ್ಬೇಕಿತ್ತಾ?"

"ಮರ್ತೆ ಕಣೇ" ಎಂದ ಅಣ್ಣ. "ನಂದೇ ತಪ್ಪು."

ಕನ್ನಡಿ ಅಕ್ಕ ಮಂಚದ ಕಾಲ ಬಳಿ ನಿಂತಿದ್ದಳು. ಆ ಸಂಜೆ ತಾನು ಆಡಿದ ಮಾತು ನೆನಪಾಯಿತು. ಆದರೂ ಅವಳು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು: ಮಾತ್ರೆ ಬಿಟ್ಟದ್ದರಿಂದ ಆದದ್ದಲ್ಲ, ಗೋಡೆ ತಾನಾಗಿ ಬೆಳೆದು ಆದದ್ದು. ಸ್ಲೈಡು ಸುಳ್ಳು ಹೇಳುವುದಿಲ್ಲ. ಆ ಒಂದು ಮಾತನ್ನು ಹಿಡಿದುಕೊಂಡು ಅವಳು ಎರಡು ದಿನ ಕಳೆದಳು.

ಮೂರನೆಯ ದಿನ ಕೆಲಸಕ್ಕೆ ಹೋದಳು. ಸೀಸೆಗಳಲ್ಲಿದ್ದ ನಾಳಗಳು ಆಗಲೇ ಗಟ್ಟಿಯಾಗಿದ್ದವು. ಈಗ ತೊಳೆಯಲು ಬರುವುದಿಲ್ಲ. ಮೇಣದಲ್ಲಿ ಕೂರಿಸಿ, ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಇಟ್ಟ ಕೂಡಲೇ "ಛೇ" ಎಂದಳು. ಉಂಗುರದಂತೆ ಕಾಣಬೇಕಾದ ನಾಳದೊಳಗೆ ಒಂದು ಪಕ್ಕಕ್ಕೆ ಗುಲಾಬಿ ಬಣ್ಣದ ಹೊಲಸು ಮೆತ್ತಿಕೊಂಡಿತ್ತು. ದೊಡ್ಡಯ್ಯ ಬದುಕಿದ್ದರೆ ಎಸೆಯುತ್ತಿದ್ದ. ಅವಳೂ ಎಸೆಯಲೆಂದೇ ಗಾಜನ್ನು ಎತ್ತಿದಳು. ಎತ್ತುವಾಗ, ಯಾಕೋ ಏನೋ, ಇನ್ನೊಮ್ಮೆ ನೋಡಿದಳು.

ಸತ್ತವರ ಹೆಪ್ಪು ಗೋಡೆಗೆ ಅಂಟುವುದಿಲ್ಲ, ಮಧ್ಯದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಇದು ಅಂಟಿತ್ತು. ಗೋಡೆಯ ಗಾಯ ಎಲ್ಲಿತ್ತೋ ಅಲ್ಲೇ, ಪದರ ಪದರವಾಗಿ ಅಂಟಿತ್ತು. ಅಷ್ಟೇ ಅಲ್ಲ, ಗೋಡೆಯಿಂದ ಎದ್ದ ನೀಲಿ ಕಣಗಳು ಒಂದೊಂದಾಗಿ ಅದರೊಳಗೆ ಕಾಲಿಡುತ್ತಿದ್ದವು. ಕೆಲವು ಅಂಚಿನಲ್ಲಿದ್ದವು, ಎರಡು ಮೂರು ಆಗಲೇ ನಡುವಿಗೆ ಬಂದಿದ್ದವು. ಅವಳು ಹಳೆಯ ಪೆಟ್ಟಿಗೆಯಿಂದ ಹದಿನೈದನೆಯ ದಿನದ ಸ್ಲೈಡೊಂದನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದಳು. ಅದೇ ಆಕಾರ. ಒಂದು ಪಕ್ಕ ದಪ್ಪ, ಅಂಚು ಇಳಿಜಾರು. ಮೂರನೆಯ ದಿನ ಹೆಪ್ಪು ಕೂತ ಜಾಗವೇ ಹದಿನೈದನೆಯ ದಿನ ಗೋಡೆಯಾಗಿತ್ತು. ಕಣಗಳು ಅದನ್ನೇ ಹಿಡಿದು ಹತ್ತಿ, ಅದರಲ್ಲೇ ನೆಲೆಯೂರಿ, ಅದನ್ನೇ ಮನೆ ಮಾಡಿಕೊಂಡಿದ್ದವು.

ಉಳಿದ ಎರಡು ಮೊಲಗಳದನ್ನೂ ನೋಡಿದಳು. ಮೂರಕ್ಕೆ ಮೂರೂ ಹಾಗೇ.

ಹಾಗಾದರೆ ನಾಲ್ಕು ವರ್ಷದ ಮೂರನೆಯ ದಿನಗಳು ಎಲ್ಲಿ ಹೋದವು? ಸಿಂಕಿನಲ್ಲಿ ಹೋದವು. ಅವಳೇ ಕುಂಚ ಹಿಡಿದು, ನಾಜೂಕಾಗಿ, ಒಂದು ಚೂರೂ ಬಿಡದೆ ಕಳಿಸಿದ್ದಳು. ಅವಳು ಕೂತಲ್ಲೇ ಕೂತಳು. ಮಧ್ಯಾಹ್ನದ ಊಟಕ್ಕೆ ಯಾರೋ ಕರೆದರು, ಕೇಳಿಸಲಿಲ್ಲ. ಇಷ್ಟು ವರ್ಷ ಹೊಗಳಿಸಿಕೊಂಡದ್ದೆಲ್ಲ ನೆನಪಾಗಿ ಅವಳಿಗೆ ತನ್ನ ಕೈ ನೋಡಿದರೇ ಹೇಸಿಗೆಯಾಯಿತು. ಆಮೇಲೆ ಅಣ್ಣ "ಹಂಗಾ" ಎಂದದ್ದು ನೆನಪಾಯಿತು. ಆಗ ಅತ್ತಳು.

ಮೂರು ಗಾಜು ಎಸೆದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬರಲಿಲ್ಲವೇ? ಬಂತು. ಅವಳೂ ಮನುಷ್ಯಳೇ. ಲೇಖನ ಅಚ್ಚಾಗುತ್ತದೆ, ಡಾಕ್ಟರರು ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ, ಅವಳ ಹೆಸರು ಆರನೆಯದಾಗಿ ಉಳಿಯುತ್ತದೆ. ಅದನ್ನು ಓದಿ ಇನ್ನೆಲ್ಲೋ ಒಬ್ಬ ಡಾಕ್ಟರು ಇನ್ನೆಲ್ಲೋ ಒಬ್ಬ ಡ್ರೈವರಿಗೆ, ಮಾತ್ರೆ ಅಷ್ಟೇನೂ ಮುಖ್ಯವಲ್ಲ ಎನ್ನುತ್ತಾನೆ. ಅವಳು ಸ್ಲೈಡುಗಳನ್ನು ಎತ್ತಿಕೊಂಡು ದೊಡ್ಡ ಡಾಕ್ಟರರ ಕೋಣೆಗೆ ಹೋದಳು.

ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬಹಳ ಹೊತ್ತು ಎತ್ತಲಿಲ್ಲ. ಎತ್ತಿದಾಗ ಆ ಮುದುಕರ ಮುಖ ಅರಳಿತ್ತು.

"ಇದೇ! ಇದನ್ನೇ ಅಲ್ವಾ ನಾನು ಮೊದಲನೇ ವರ್ಷ ಬಾಯಿ ಬಡ್ಕೊಂಡಿದ್ದು? ನೋಡಿ, ಹೆಪ್ಪಿನ ಒಳಗೆ ಹೆಂಗೆ ಹತ್ತುತ್ತಿವೆ ನೋಡಿ! ಇದು ಯಾವ ಮೊಲ?" ಆಮೇಲೆ ಅವರ ಹುಬ್ಬು ಗಂಟಿಕ್ಕಿತು. "ಇವು ಮೂರರಲ್ಲೇ ಯಾಕಮ್ಮಾ? ಇಷ್ಟು ದಿನ ಯಾಕೆ ಬರಲಿಲ್ಲ?"

"ಇಷ್ಟು ದಿನ ನಾನು ತೊಳೀತಿದ್ದೆ ಸರ್."

"ಏನು ತೊಳೀತಿದ್ರಿ?"

ಅವಳು ಹೇಳಿದಳು. ಸಿರಿಂಜು, ಕುಂಚ, ಶವಾಗಾರ, ದೊಡ್ಡಯ್ಯ, ಒಂದನ್ನೂ ಬಿಡದೆ. ಹೇಳುತ್ತಿದ್ದಂತೆ ಅವರ ಮುಖದ ಬೆಳಕು ಇಳಿಯುವುದನ್ನು ನೋಡುತ್ತಲೇ ಹೇಳಿದಳು.

"ಎಷ್ಟು ಮೊಲ?"

"ಎಲ್ಲಾ ಸರ್. ಮೊದಲನೇ ದಿನದಿಂದ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾಲ್ಕು ವರ್ಷ ನಾನು ಹುಡುಕಿದ್ದನ್ನ ನೀವು ದಿನಾ ಸಿಂಕಿಗೆ ಹಾಕಿದ್ರಿ" ಎಂದರು. ಬೈಗುಳದ ದನಿಯಲ್ಲ, ಲೆಕ್ಕ ತಪ್ಪಿದವನ ದನಿ. ಆಮೇಲೆ, "ನಾನೂ ಒಂದು ದಿನ ಆ ಸಿಂಕಿನ ಹತ್ರ ಬಂದು ನಿಂತು ನೋಡಲಿಲ್ಲ. ಬಂದಿದ್ರೆ ಒಂದು ನಿಮಿಷದ ಮಾತು" ಎಂದರು. ಲೇಖನ ವಾಪಸ್ ಪಡೆಯಲು ಪತ್ರ ಬರೆಯಬೇಕು ಎಂದರು. ಮತ್ತೆ ಮೊದಲಿನಿಂದ ಮಾಡಲು ತಮಗೆ ವಯಸ್ಸಿಲ್ಲ ಎಂದೂ ಹೇಳಿದರು. ಅವಳು ಇನ್ನೂ ನಿಂತೇ ಇದ್ದಳು.

"ಹೋಗಿ ಅಮ್ಮಾ. ಈಗ ಹೋಗಿ."

ಡಾಕ್ಟರರಿಗೆ ಹೇಳುವುದೇ ಸುಲಭವಾಗಿತ್ತು. ಆಸ್ಪತ್ರೆಯಲ್ಲಿ ಅಣ್ಣನಿಗೆ ಹೇಳುವುದು ಇನ್ನೂ ಬಾಕಿಯಿತ್ತು.

ಮೂರನೆಯ ಬಲೂನು ಕೆಲಸ ಮಾಡಿರಲಿಲ್ಲ. ಬೆರಳುಗಳು ಕಪ್ಪಾಗಿದ್ದವು. ಮರುದಿನ ಬೆಳಿಗ್ಗೆ ಮೊಣಕಾಲಿನ ಕೆಳಗೆ ತೆಗೆಯುವುದೆಂದು ಸರ್ಜನ್ ಹೇಳಿ ಹೋಗಿದ್ದರು. ಅತ್ತಿಗೆ ಅಣ್ಣನ ತಲೆದೆಸೆಯಲ್ಲಿ ಕೂತು ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು: "ಒಂದು ಮಾತ್ರೆ. ದಿನಕ್ಕೆ ಒಂದೇ ಒಂದು ಮಾತ್ರೆ." ಅಣ್ಣ ಹೂಂ, ಹೂಂ ಎನ್ನುತ್ತಿದ್ದ. ನರ್ಸ್ ಕರೆದಳೆಂದು ಅತ್ತಿಗೆ ಎದ್ದು ಹೋದಳು.

ಕನ್ನಡಿ ಅಕ್ಕ ಅತ್ತಿಗೆ ಕೂತಿದ್ದ ಸ್ಟೂಲಿನ ಮೇಲೆ ಕೂತಳು.

"ಅಣ್ಣಾ, ನಾನು ಅವತ್ತು ಹೇಳಿದ್ದು ತಪ್ಪು. ಹೆಪ್ಪು ಇತ್ತು. ನಾನೇ ತೊಳೆದು ಹಾಕಿಬಿಟ್ಟಿದ್ದೆ. ಅದಕ್ಕೆ ಕಾಣಲಿಲ್ಲ. ಮಾತ್ರೆ ತಗೊಂಡಿದ್ರೆ ಕಾಲು ಉಳೀತಿತ್ತೇನೋ. ನನ್ನಿಂದ ಹೋಯ್ತು ಅಣ್ಣಾ."

ಅವನು ಮೇಲಿನ ಫ್ಯಾನನ್ನೇ ನೋಡುತ್ತ ಮಲಗಿದ್ದ. ಎಷ್ಟು ಅರ್ಥವಾಯಿತೋ ಏನೋ, ಅರ್ಥವಾಗಬೇಕಾದದ್ದು ಆಗಿತ್ತು.

"ನೀನು ಬಿಡು ಅಂತ ಹೇಳ್ಲಿಲ್ವಲ್ಲೇ."

"ಬಿಡಬೇಡ ಅಂತಲೂ ಹೇಳ್ಲಿಲ್ಲ. ಅತ್ತಿಗೆ ಸುಮ್ನೆ ನಿನ್ನ ಬೈತಿದ್ದಾರೆ. ನಾನು ಅವರಿಗೆ ಹೇಳ್ತೀನಿ."

"ಬೇಡ. ನನ್ನ ಬೈದು ಅವಳಿಗೆ ಮೂವತ್ತು ವರ್ಷದ ಅಭ್ಯಾಸ ಇದೆ, ಆಮೇಲೆ ಮರೆತುಬಿಡ್ತಾಳೆ. ನಿನ್ನ ಮೇಲೆ ಶುರು ಮಾಡಿದ್ರೆ ಸಾಯೋವರೆಗೂ ಮರೆಯಲ್ಲ." ಅವನು ಕೈ ಚಾಚಿ ಅವಳ ಮುಂಗೈ ಹಿಡಿದುಕೊಂಡ. ಕೈ ಬಿಸಿಯಾಗಿತ್ತು. "ಮಾತ್ರೆ ಬಿಡಬೇಡಿ ಅಂತ ಸರ್ಜನ್ ಹೇಳಿದ್ರು, ನರ್ಸ್ ಹೇಳಿದ್ಲು, ಇವಳಂತೂ ದಿನಾ ಹೇಳಿದ್ಲು. ಅವರೆಲ್ಲ ಯಾರೋ ಹೇಳಿದ್ದನ್ನ ಹೇಳೋರು, ನನ್ನ ತಂಗಿ ಕಣ್ಣಾರೆ ಕಂಡು ಹೇಳೋಳು ಅಂದ್ಕೊಂಡೆ. ಅಷ್ಟೇ."

ಅವನು ಚುಚ್ಚಲು ಹೇಳಿದ್ದಲ್ಲ. ಅವಳನ್ನು ಸಮಾಧಾನ ಮಾಡಲೆಂದೇ ಹೇಳಿದ್ದ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಅತ್ತಿಗೆ ಎರಡು ಹಾಳೆಗಳನ್ನು ಹಿಡಿದುಕೊಂಡು ಬಂದಳು. ಅತ್ತು ಅತ್ತು ಅವಳ ಕಣ್ಣು ಸಣ್ಣಗಾಗಿತ್ತು.

"ಕಾಲು ತೆಗೆಯೋಕೆ ಒಪ್ಪಿಗೆ ಅಂತೆ. ನಾನು ಸಹಿ ಹಾಕ್ಬೇಕಂತೆ. ಇದರಲ್ಲಿ ಏನೇನು ಬರೆದಿದ್ದಾರೋ ನಂಗೊಂದೂ ಗೊತ್ತಾಗಲ್ಲ. ನೀನು ಒಂದ್ಸಲ ನೋಡಿಬಿಡು. ನೀನು ಸರಿ ಇದೆ ಅಂದ್ರೆ ಕಣ್ಮುಚ್ಚಿ ಹಾಕ್ತೀನಿ."

ಕನ್ನಡಿ ಅಕ್ಕ ಹಾಳೆಗಳನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ನನ್ನ ಮಾತು ಕೇಳಿ ಹಾಕಬೇಡಿ ಅತ್ತಿಗೆ" ಎಂದಳು. "ಸರ್ಜನ್ನ ಕರೆಸಿ, ಅವರ ಹತ್ರ ಓದಿಸಿ, ಕೇಳಿ ಹಾಕಿ."

"ಯಾಕೆ? ನಿನಗಿಂತ ಅವರು ಹೆಚ್ಚಾ ನಮಗೆ?"

ಅಣ್ಣ ಬೇಡವೆಂದು ತಲೆಯಾಡಿಸಿದ. ಅವಳು ಅದನ್ನು ನೋಡಿದಳು. ನೋಡಿಯೂ ಸ್ಟೂಲಿನಿಂದ ಎದ್ದು, ಅತ್ತಿಗೆಯನ್ನು ಅಲ್ಲಿ ಕೂರಿಸಿ, ಯಾಕೆ ಎಂಬುದನ್ನು ಮೊದಲಿನಿಂದ ಹೇಳತೊಡಗಿದಳು.